ಅಪ್ಪನಿಗೆ ಪಿಂಡ, ಅಮ್ಮನಿಗೆ ಸಮಾಧಿ: ಸತ್ತ ಮೇಲೆ ಇಬ್ಬರೂ ಬೇರೆ ಬೇರೆಯಾಗುತ್ತಾರಾ?

ಪ್ರಶ್ನೆ: ನಮ್ಮ ತಂದೆ ಸ್ಮಾರ್ತರು, ತಾಯಿಯ ತವರು ಲಿಂಗಾಯತರ ಮನೆ. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಹದಿಮೂರು ದಿನದ ಕರ್ಮ, ವರ್ಷವಿಡೀ ಮಾಸಿಕ, ಎಲ್ಲವನ್ನೂ ಮಾಡಿದೆ. ಅಮ್ಮನಿಗೆ ಈಗ 78. ಮದುವೆಯಾದ ಮೇಲೂ ಅವರು ಇಷ್ಟಲಿಂಗ ಬಿಟ್ಟವರಲ್ಲ. "ನನ್ನನ್ನು ಮಣ್ಣು ಮಾಡಿ, ಪಿಂಡಗಿಂಡ ಬೇಡ" ಎನ್ನುತ್ತಾರೆ. ಹಿರಿಯರ ಪಿಂಡಗಳ ಜೊತೆ ಅವರ ಪಿಂಡ ಸೇರಿಸುವ ಸಪಿಂಡಿಯಾಗದಿದ್ದರೆ ಪ್ರೇತವಾಗಿ ಅಲೆಯುತ್ತಾರೆ ಎಂದು ದೊಡ್ಡಪ್ಪನ ಮಕ್ಕಳು ಹೆದರಿಸುತ್ತಾರೆ. ಸತ್ತ ಕ್ಷಣವೇ ಆತ್ಮ ಇನ್ನೊಂದು ಕಡೆ ಹುಟ್ಟಿರುತ್ತದೆ, ನಿಮ್ಮ ಹದಿಮೂರು ದಿನ ಯಾರಿಗೆ ಎಂದು ಜೈನ ಸಹೋದ್ಯೋಗಿಯೊಬ್ಬರು ಕೇಳುತ್ತಾರೆ. ತಂಗಿಯ ಸಂಕಟ ಬೇರೆಯೇ: ಅಪ್ಪ ಪಿತೃಲೋಕದಲ್ಲಿ, ಅಮ್ಮ ಇನ್ನೆಲ್ಲೋ, ಇಬ್ಬರೂ ದೂರವಾಗಿಬಿಡುತ್ತಾರಲ್ಲ ಎಂದು. ಯಾವುದು ಸರಿ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಮನೆಯ ಜಗಳ ಮೇಲ್ನೋಟಕ್ಕೆ ದಿನಗಳ ಲೆಕ್ಕದ ಜಗಳ. ಹದಿಮೂರು ದಿನವೋ, ಒಂದೂ ಬೇಡವೋ ಎಂದು. ಆದರೆ ದಿನದ ಲೆಕ್ಕ ಎಲ್ಲಿಯೂ ತಾನಾಗಿ ಹುಟ್ಟಿದ್ದಲ್ಲ. ಸತ್ತವರು ಈಗ ಎಲ್ಲಿದ್ದಾರೆ, ಅವರಿಗೆ ಏನು ಬೇಕಾಗಿದೆ ಎಂಬ ನಂಬಿಕೆ ಮೊದಲು ಬಂತು, ಅದಕ್ಕೆ ತಕ್ಕ ಹಾಗೆ ಲೆಕ್ಕ ಆಮೇಲೆ ಬಂತು. ನಂಬಿಕೆಯನ್ನು ಬಿಟ್ಟು ಲೆಕ್ಕವನ್ನು ಮಾತ್ರ ಇನ್ನೊಂದು ಮನೆಗೆ ಎತ್ತಿಕೊಂಡು ಹೋದರೆ ಅದು ಅಲ್ಲಿ ಕೂರುವುದಿಲ್ಲ. ನಿಮ್ಮ ದೊಡ್ಡಪ್ಪನ ಮಕ್ಕಳು ಮಾಡುತ್ತಿರುವುದು ಅದನ್ನೇ.

ಮೊದಲು ನಿಮ್ಮ ತಂದೆಗೆ ಮಾಡಿದ್ದರ ಒಳಗುಟ್ಟು ನೋಡೋಣ. ಪ್ರೇತ ಎಂದರೆ ದೆವ್ವ ಅಲ್ಲ. ಪ್ರ ಮತ್ತು ಇತ ಸೇರಿ ಆದ ಪದ, ಹೊರಟುಹೋದವನು ಎಂದಷ್ಟೇ ಅರ್ಥ. ದೇಹ ಸುಟ್ಟುಹೋಗಿದೆ, ಮುಂದಿನ ದೇಹ ಸಿಕ್ಕಿಲ್ಲ ಎಂಬ ನಡುವಿನ ಸ್ಥಿತಿಯ ಹೆಸರು ಅದು. ಗರುಡಪುರಾಣದ ಪ್ರಕಾರ ಹತ್ತು ದಿನದ ಪಿಂಡಗಳು ಆ ಜೀವಕ್ಕೆ ಒಂದು ಮೊಳದಷ್ಟು ಎತ್ತರದ ದೇಹ ಕಟ್ಟಿಕೊಡುತ್ತವೆ. ಮೊದಲ ದಿನ ತಲೆ, ಎರಡನೆಯ ದಿನ ಕುತ್ತಿಗೆ ಮತ್ತು ಭುಜ, ಮೂರಕ್ಕೆ ಎದೆ, ನಾಲ್ಕಕ್ಕೆ ಬೆನ್ನು, ಐದಕ್ಕೆ ಹೊಕ್ಕುಳು, ಆಮೇಲೆ ಸೊಂಟ, ತೊಡೆ, ಮೊಣಕಾಲು, ಪಾದ. ಹತ್ತನೆಯ ದಿನ ಆ ದೇಹಕ್ಕೆ ಹಸಿವು, ಬಾಯಾರಿಕೆ. ಒಂದೊಂದು ಪಿಂಡವೂ ನಾಲ್ಕು ಪಾಲಾಗುತ್ತದಂತೆ: ಎರಡು ಪಾಲು ದೇಹ ಕಟ್ಟುವುದಕ್ಕೆ, ಒಂದು ಯಮದೂತರಿಗೆ, ಒಂದು ಜೀವದ ಊಟಕ್ಕೆ. ಹತ್ತು ದಿನ ಎಂಬ ಲೆಕ್ಕ ಬಂದದ್ದು ಹೀಗೆ. ಏಳನೆಯ ದಿನಕ್ಕೆ ನಿಲ್ಲಿಸಿದರೆ, ಈ ನಂಬಿಕೆಯೊಳಗೆ, ಮೊಣಕಾಲಿಲ್ಲದ ದೇಹ ಕೊಟ್ಟ ಹಾಗೆ.

ಹದಿಮೂರನೆಯ ದಿನ ಪ್ರಯಾಣ ಶುರು. ಯಮಪುರಿಗೆ 86,000 ಯೋಜನ, ದಿನಕ್ಕೆ 247 ಯೋಜನ ನಡಿಗೆ. ಭಾಗಿಸಿ ನೋಡಿ, 348 ದಿನ ಬರುತ್ತದೆ, ಚಾಂದ್ರಮಾನದ ವರ್ಷಕ್ಕೆ ಒಂದು ವಾರ ಕಡಿಮೆ. ದಾರಿಯಲ್ಲಿ ಹದಿನಾರು ಊರು. ಭೂಮಿಯ ಮೇಲೆ ಮಗ ಮಾಡುವ ಶ್ರಾದ್ಧಗಳೂ ಹದಿನಾರು: ಹನ್ನೆರಡು ಮಾಸಿಕ, ಜೊತೆಗೆ ಊನಮಾಸಿಕ, ತ್ರೈಪಕ್ಷಿಕ, ಊನಷಾಣ್ಮಾಸಿಕ, ಊನಾಬ್ದಿಕ. ಪುರಾಣ ಬರೆದವರು ಗಣಿತ ಸರಿಯಾಗಿಯೇ ಹೊಂದಿಸಿದ್ದಾರೆ.

ಇನ್ನು ಸಪಿಂಡೀಕರಣ. ನಿಮ್ಮ ತಂದೆಯ ಹೆಸರಿನ ಪಿಂಡವನ್ನು ಮೂರು ಭಾಗ ಮಾಡಿ ಅಜ್ಜ, ಮುತ್ತಜ್ಜ, ಅವರ ತಂದೆ ಈ ಮೂವರ ಪಿಂಡಗಳಿಗೆ ಸೇರಿಸಿದ್ದು ನೆನಪಿರಬೇಕು. ಆ ಕ್ಷಣಕ್ಕೆ ಪ್ರೇತ ಎಂಬ ಹೆಸರು ಹೋಗಿ ಪಿತೃ ಎಂಬ ಹೆಸರು ಬರುತ್ತದೆ. ಹೊಸಬರು ವಸುರೂಪದಲ್ಲಿ ಮೊದಲ ಸಾಲಿಗೆ ಬರುತ್ತಾರೆ, ಉಳಿದವರು ರುದ್ರ, ಆದಿತ್ಯ ಎಂದು ಒಂದೊಂದು ಮೆಟ್ಟಿಲು ಮೇಲೇರುತ್ತಾರೆ, ತುದಿಯಲ್ಲಿದ್ದವರು ಪಿಂಡದ ಸಾಲಿನಿಂದ ಆಚೆ ಸರಿಯುತ್ತಾರೆ. ಇದು ಮೂಲತಃ ವರ್ಷ ತುಂಬಿದ ಮೇಲೆ ಮಾಡುವ ಕರ್ಮ. ಕಲಿಯುಗದಲ್ಲಿ ಆಯಸ್ಸು ಕಡಿಮೆ, ಮಾಡುವವನೇ ವರ್ಷದೊಳಗೆ ಹೋಗಿಬಿಡಬಹುದು, ಆದ್ದರಿಂದ ಹನ್ನೆರಡನೆಯ ದಿನವೇ ಮುಗಿಸಿ ಎಂದು ಗರುಡಪುರಾಣವೇ ಒಪ್ಪಿಗೆ ಕೊಡುತ್ತದೆ. ಹನ್ನೆರಡಕ್ಕೆ ಪಿತೃವಾದವರು ಹದಿಮೂರಕ್ಕೆ ಮತ್ತೆ ವರ್ಷದ ನಡಿಗೆ ಹೊರಡುವುದು ಹೇಗೆ ಎಂದು ಕೇಳಿದರೆ, ಹೌದು, ಅಲ್ಲಿ ಹೊಲಿಗೆ ಕಾಣುತ್ತದೆ.

ಇನ್ನೂ ದೊಡ್ಡ ಹೊಲಿಗೆ ಒಂದಿದೆ, ನಿಮ್ಮ ಸಹೋದ್ಯೋಗಿ ಕೈಯಿಟ್ಟಿರುವುದು ಅಲ್ಲಿಗೇ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಸತ್ತವರು ಹೋಗುವುದು ಯಮನ ಬಳಿಗೆ. ಆ ದಾರಿಯನ್ನು ಮೊದಲು ಕಂಡುಕೊಂಡವನೇ ಯಮ. ಅಲ್ಲಿ ಹಿರಿಯರೆಲ್ಲ ಸೇರಿರುತ್ತಾರೆ. ಮರುಹುಟ್ಟಿನ ಮಾತು ಬಿಡಿಸಿ ಬರುವುದು ಉಪನಿಷತ್ತುಗಳಲ್ಲಿ. ದೇವಯಾನ ಎಂಬ ದಾರಿಯಲ್ಲಿ ಹೋದವರು ಮರಳುವುದಿಲ್ಲ, ಪಿತೃಯಾನ ಎಂಬ ದಾರಿಯಲ್ಲಿ ಹೋದವರು ಮಳೆಯಾಗಿ, ಬೆಳೆಯಾಗಿ, ಅನ್ನವಾಗಿ ಮತ್ತೆ ಹುಟ್ಟುತ್ತಾರೆ ಎಂದು. ನಮ್ಮ ಸಂಪ್ರದಾಯ ಹಳೆಯದನ್ನು ಬಿಡಲಿಲ್ಲ, ಹೊಸದನ್ನೂ ಬಿಡಲಿಲ್ಲ. ಹಾಗಾದರೆ ಅಜ್ಜ ಆಗಲೇ ಎಲ್ಲೋ ಕರುವಾಗಿ ಹುಟ್ಟಿದ್ದರೆ ಶ್ರಾದ್ಧದ ಅನ್ನ ಯಾರಿಗೆ? ಈ ಪ್ರಶ್ನೆ ಹೊಸದಲ್ಲ. ಮತ್ಸ್ಯಪುರಾಣ ಉತ್ತರಿಸಿದೆ: ದೇವತೆಯಾಗಿದ್ದರೆ ಆ ಅನ್ನ ಅಮೃತವಾಗಿ, ಪಶುವಾಗಿದ್ದರೆ ಹುಲ್ಲಾಗಿ, ಹಾವಾಗಿದ್ದರೆ ಗಾಳಿಯಾಗಿ ತಲುಪುತ್ತದೆ.

ಜೈನರು ಈ ಉತ್ತರವನ್ನು ಒಪ್ಪುವುದಿಲ್ಲ, ಒಪ್ಪಲು ಅವರ ಸಿದ್ಧಾಂತದಲ್ಲಿ ಜಾಗವೂ ಇಲ್ಲ. ಅವರ ಗ್ರಂಥವಾದ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯ ಜೀವ ಒಂದು ದೇಹ ಬಿಟ್ಟು ಇನ್ನೊಂದಕ್ಕೆ ಹೋಗುವ ಅವಧಿಯನ್ನು ಸಮಯ ಎಂಬ ಅಳತೆಯಲ್ಲಿ ಹೇಳುತ್ತದೆ. ಸಮಯ ಎಂದರೆ ಕಾಲದ ಅತಿ ಚಿಕ್ಕ ತುಣುಕು, ಕಣ್ಣೆವೆ ಬಡಿಯುವುದರೊಳಗೆ ಅಸಂಖ್ಯ ಸಮಯಗಳು ಕಳೆದಿರುತ್ತವೆ. ದಾರಿ ನೇರವಾಗಿದ್ದರೆ ಒಂದೇ ಸಮಯ ಸಾಕು. ತಿರುವುಗಳಿದ್ದರೂ ನಾಲ್ಕನೆಯದನ್ನು ಮೀರುವುದಿಲ್ಲ. ತಿರುವಿನ ದಾರಿಯಲ್ಲಿ ಜೀವ ಅನಾಹಾರಕ, ಏನನ್ನೂ ಉಣ್ಣುವುದಿಲ್ಲ ಎಂದು ಅಲ್ಲೇ ಹೇಳಿದೆ. ಉಣ್ಣದ ಜೀವಕ್ಕೆ ಪಿಂಡವಿಟ್ಟು ಫಲವೇನು? ಅದಕ್ಕೇ ಜೈನರ ಶ್ರಮವೆಲ್ಲ ಸಾವಿನ ಈಚೆ ಬದಿಯಲ್ಲಿ. ಆಹಾರ ಬಿಡುತ್ತ ಸಾವನ್ನು ಎದುರುಗೊಳ್ಳುವ ಸಲ್ಲೇಖನ ವ್ರತದಲ್ಲಿ ಮೊದಲು ಗಟ್ಟಿ ಆಹಾರ, ಆಮೇಲೆ ಹಾಲು ಮಜ್ಜಿಗೆಯಂಥ ದ್ರವ, ಕೊನೆಗೆ ಬರೀ ನೀರು, ಅದನ್ನೂ ಬಿಡುವುದು. ಗುರುವಿನ ಅನುಮತಿಯಿಲ್ಲದೆ, ಮನಸ್ಸು ಕಲಕಿರುವಾಗ ಇದನ್ನು ಹಿಡಿಯುವಂತಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಹೀಗೆ ಹೋದವರ ಹೆಸರುಗಳು ತುಂಬಿವೆ. ರಾಷ್ಟ್ರಕೂಟರ ಕೊನೆಯವನಾದ ನಾಲ್ಕನೆಯ ಇಂದ್ರನೂ 982ರಲ್ಲಿ ಅಲ್ಲೇ ದೇಹ ಬಿಟ್ಟ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಯೆಂದು ನಿಷೇಧಿಸಿತು, ಅದೇ ಆಗಸ್ಟ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದ ಹಾಗೆ, ಪಿಂಡವಿಲ್ಲದಿದ್ದರೂ ಜೈನರ ಮನೆಗಳಲ್ಲಿ ಸೂತಕವಿದೆ. ಅದು ಹೋದವರಿಗಲ್ಲ, ಉಳಿದವರಿಗೆ. ಸಹೋದ್ಯೋಗಿಗೆ ಈ ಮಾತು ನೆನಪಿಸಬಹುದು.

ಮರುಹುಟ್ಟನ್ನು ಒಪ್ಪಿಯೂ ನಡುವೆ ಬಿಡುವು ಇಡುವವರು ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರು. ಅವರ ಲೆಕ್ಕ ಏಳು ವಾರ, ಹೆಚ್ಚೆಂದರೆ 49 ದಿನ. ಶ್ರೀಲಂಕಾದ ಥೇರವಾದಿಗಳಿಗೆ ಆ ನಡುವಿನ ಸ್ಥಿತಿಯೇ ಇಲ್ಲ. ಇಬ್ಬರೂ ಬುದ್ಧನ ಹೆಸರು ಹೇಳುವವರೇ! ಮುಸ್ಲಿಮರಲ್ಲಿ ಮರುಹುಟ್ಟಿಲ್ಲ. ಗೋರಿಯೊಳಗೆ ದೇವದೂತರ ಮೂರು ಪ್ರಶ್ನೆ, ನಿನ್ನ ದೇವರು ಯಾರು, ಧರ್ಮ ಯಾವುದು, ಪ್ರವಾದಿ ಯಾರು ಎಂದು. ಆಮೇಲೆ ಕಯಾಮತ್, ಅಂದರೆ ಕೊನೆಯ ತೀರ್ಪಿನ ದಿನದವರೆಗೆ ಬರ್ಜಖ್ ಎಂಬ ತೆರೆಯ ಹಿಂದೆ ಕಾಯುವುದು. ಮೂರನೆಯ ದಿನದ ಜಿಯಾರತ್, ನಲವತ್ತರ ಫಾತಿಹಾ ಬೇಕೋ ಬೇಡವೋ ಎಂದು ಅವರಲ್ಲೂ ಪಂಗಡಕ್ಕೊಂದು ಮಾತಿದೆ. ಮಂಗಳೂರಿನ ಕ್ಯಾಥೊಲಿಕರು ಶುದ್ಧೀಕರಣದ ಸ್ಥಿತಿಯನ್ನು ನಂಬುವುದರಿಂದ ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಅಲ್ಲಿಯೇ ಇರುವ ಪ್ರಾಟೆಸ್ಟೆಂಟರು ಆ ಸ್ಥಿತಿಯನ್ನು ಒಪ್ಪದ ಕಾರಣ ಆ ಪ್ರಾರ್ಥನೆಯನ್ನೂ ಮಾಡುವುದಿಲ್ಲ. ಎಲ್ಲ ಕಡೆಯೂ ಅದೇ ಕಥೆ: ಸತ್ತವರಿಗೆ ಇನ್ನೂ ಏನಾದರೂ ಬೇಕಾಗಿದೆ ಎಂದರೆ ಕರ್ಮವಿದೆ, ಬೇಕಿಲ್ಲ ಎಂದರೆ ಇಲ್ಲ.

ಈಗ ನಿಮ್ಮ ತಾಯಿಯ ನಂಬಿಕೆಗೆ ಬನ್ನಿ. ಇಲ್ಲಿ ಪ್ರೇತ ಎಂಬ ನಡುಮನೆಯೇ ಇಲ್ಲ. ದೀಕ್ಷೆಯಾಗಿ ಲಿಂಗ ಕೈಗೆ ಬಂದ ದಿನದಿಂದ ಅಂಗ, ಅಂದರೆ ಜೀವ, ಲಿಂಗದ ಕಡೆಗೆ ನಡೆಯುತ್ತಲೇ ಇದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ದಾರಿ ಅದು. ತೀರಿಕೊಂಡರು ಎನ್ನುವ ಬದಲು ಲಿಂಗೈಕ್ಯರಾದರು ಎನ್ನುವುದು ಇದಕ್ಕೇ. ಸ್ವರ್ಗ ನರಕಗಳನ್ನು ಬಸವಣ್ಣ ಸಾವಿನ ಆಚೆಯಿಂದ ಈಚೆಗೆ ಎಳೆದು ತಂದ, ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳನ್ನು ಲಿಂಗಧಾರಿಗೆ ಇಲ್ಲವೆಂದರು ಶರಣರು. ಐದನೆಯದನ್ನು ಗಮನಿಸಿ. ಯಾವ ಪ್ರೇತತ್ವವನ್ನು ಕಳೆಯಲು ಸಪಿಂಡಿ ಇದೆಯೋ, ಆ ಪ್ರೇತತ್ವವನ್ನೇ ಈ ಧರ್ಮ ನಿರಾಕರಿಸಿದೆ. ಇಲ್ಲದ ಕಾಯಿಲೆಗೆ ಔಷಧ ಕೊಡದಿದ್ದರೆ ರೋಗಿ ಸಾಯುತ್ತಾನೆ ಎಂದು ಹೆದರಿಸಿದ ಹಾಗಾಯಿತು ನಿಮ್ಮ ನೆಂಟರ ಮಾತು.

ಅವರ ವಾದಕ್ಕೂ ಒಂದು ಬುಡವಿದೆ, ತಳ್ಳಿಹಾಕುವಂತಿಲ್ಲ. ಮದುವೆಯಿಂದ ಹೆಣ್ಣು ಗಂಡನ ಗೋತ್ರಕ್ಕೆ ಸೇರುತ್ತಾಳೆ, ಆದ್ದರಿಂದ ಗಂಡನ ಮನೆಯ ಕರ್ಮವೇ ಆಕೆಗೆ ಎಂಬುದು ಧರ್ಮಶಾಸ್ತ್ರದ ನಿಲುವು. ತಾಯಿ ಲಿಂಗ ಬಿಟ್ಟು ಗಂಡನ ಮನೆಯ ಪದ್ಧತಿಯಲ್ಲೇ ಬಾಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಷ್ಟು ವರ್ಷ ಇಷ್ಟಲಿಂಗ ಪೂಜಿಸಿದವರ ವಿಷಯದಲ್ಲಿ, ಸ್ವತಃ ಬಾಯಿಬಿಟ್ಟು ಬೇಡವೆಂದವರ ವಿಷಯದಲ್ಲಿ, ಗೋತ್ರದ ವಾದ ಸೋಲುತ್ತದೆ. ಶ್ರಾದ್ಧ ಎಂಬ ಪದ ಬಂದದ್ದೇ ಶ್ರದ್ಧೆಯಿಂದ, ಶ್ರದ್ಧೆ ಇಬ್ಬರಲ್ಲೂ ಇಲ್ಲದ ಕಡೆ ಅದು ಬರೀ ಅನ್ನದ ಉಂಡೆ.

ಎಲ್ಲಕ್ಕಿಂತ ಕೆಟ್ಟದ್ದು ಅರ್ಧ ಅದು, ಅರ್ಧ ಇದು ಮಾಡುವುದು. ಎರಡು ಕಡೆಯವರನ್ನೂ ಸಮಾಧಾನ ಮಾಡಲು ಹೋಗಿ, ಮಣ್ಣು ಮಾಡೋಣ, ಹನ್ನೆರಡನೆಯ ದಿನ ಸಪಿಂಡಿಯನ್ನೂ ಮಾಡಿಬಿಡೋಣ ಎಂದು ಕುಟುಂಬಗಳು ಹೊರಡುವುದುಂಟು. ಆಗ ಏನಾಗುತ್ತದೆ ಗೊತ್ತೇ? ವೈದಿಕ ಕ್ರಮದಲ್ಲಿ ದಹನವೂ ಒಂದು ಸಂಸ್ಕಾರ, ಅದಾಗದೆ ಮುಂದಿನ ಪಿಂಡಕ್ಕೆ ದಾರಿಯಿಲ್ಲ. ದೇಹ ಸುಡಲು ಸಿಗದಿದ್ದರೆ 360 ಮುತ್ತುಗದ ತೊಟ್ಟುಗಳಿಂದ ಆಕೃತಿ ಕಟ್ಟಿ ಅದನ್ನು ಸುಡುವ ವಿಧಿಯಿದೆ. ನಿಯಮ ಬಲ್ಲ ಪುರೋಹಿತರು ಅದನ್ನು ಕೇಳಿಯೇ ಕೇಳುತ್ತಾರೆ, ತಪ್ಪು ಅವರದಲ್ಲ. ಇತ್ತ ತವರಿನವರ ಕಣ್ಣಿಗೆ ಅದು ಲಿಂಗದ ಜೊತೆ ಸಮಾಧಿಯಾದ ಹೆಣ್ಣುಮಗಳನ್ನು ಎರಡನೆಯ ಸಲ ತಂದು ಸುಟ್ಟ ಹಾಗೆ. ಹಾಗಾಗಿ ಒಂದನ್ನು ಆರಿಸಿ, ಪೂರ್ತಿ ಮಾಡಿ. ನಿಮ್ಮ ಸಂದರ್ಭದಲ್ಲಿ ಆ ಒಂದು ಯಾವುದೆಂದು ತಾಯಿಯೇ ಆರಿಸಿದ್ದಾರೆ.

ಸಮಾಧಿಗೆ ಸಂಬಂಧಿಸಿದ ಕೆಲವು ವಿಷಯ ಮೊದಲೇ ತಿಳಿದಿದ್ದರೆ ಆ ದಿನ ಪರದಾಟವಿಲ್ಲ. ಲಿಂಗಾಯತರಲ್ಲಿ ದೇಹವನ್ನು ಕೂರಿಸಿ ಮಣ್ಣು ಮಾಡುವುದು ರೂಢಿ. ಹಣೆಗೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಪ್ರಾಣ ಹೋದ ಎರಡರಿಂದ ನಾಲ್ಕು ಗಂಟೆಯೊಳಗೆ ಮೈ ಸೆಟೆಯಲು ಶುರುವಾಗುತ್ತದೆ, ಹನ್ನೆರಡು ಗಂಟೆಯ ಹೊತ್ತಿಗೆ ಪೂರ್ತಿ ಬಿಗಿಯಾಗುತ್ತದೆ, ಆಮೇಲೆ ಒಂದೆರಡು ದಿನದಲ್ಲಿ ತಾನಾಗಿ ಸಡಿಲುತ್ತದೆ. ಆದ್ದರಿಂದ ಕಾಲು ಮಡಚಿ, ಬೆನ್ನಿಗೆ ಆಸರೆ ಕೊಟ್ಟು, ಬಟ್ಟೆಯಿಂದ ಕಟ್ಟಿ ಕೂರಿಸುವ ಕೆಲಸ ಮೊದಲ ಒಂದೆರಡು ಗಂಟೆಯೊಳಗೇ ಆಗಬೇಕು. ಆಸ್ಪತ್ರೆಯಲ್ಲಿ ಸಾವಾಗಿ ಶವಾಗಾರದ ತಣ್ಣನೆ ಪೆಟ್ಟಿಗೆಯಲ್ಲಿ ಮಲಗಿಸಿಟ್ಟರೆ ಈ ಅವಕಾಶ ತಪ್ಪುತ್ತದೆ, ತಣ್ಪಿನಲ್ಲಿ ಬಿಗಿತ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ಬಲವಂತದಿಂದ ಮಡಚಲು ಹೋಗಬೇಡಿ, ಮಠದವರನ್ನೋ ಸಮಾಜದ ಹಿರಿಯರನ್ನೋ ಕೇಳಿ. ಆಸ್ಪತ್ರೆಗೆ ಸೇರಿಸುವಾಗ ಒಡವೆಯ ಜೊತೆ ಲಿಂಗವಿರುವ ಕರಡಿಗೆಯನ್ನೂ ಬಿಚ್ಚಿಸುತ್ತಾರೆ. ಒಡವೆಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಲಿಂಗ ಯಾವುದೋ ಚೀಲದ ತಳದಲ್ಲಿ ಉಳಿದು ಕೊನೆಗೆ ಬೇಕಾದಾಗ ಸಿಗುವುದಿಲ್ಲ. ಅದನ್ನು ಯಾರು ಇಟ್ಟುಕೊಳ್ಳುತ್ತಾರೆಂದು ಈಗಲೇ ಒಬ್ಬರನ್ನು ಗೊತ್ತುಮಾಡಿ.

ಗುಂಡಿಯ ಅಳತೆ, ಒಳಗೆ ಗೂಡು ಮಾಡುವುದು, ಬಿಲ್ವಪತ್ರೆ, ವಿಭೂತಿ, ಉಪ್ಪು ತುಂಬುವುದು ಇವೆಲ್ಲ ಊರಿಂದೂರಿಗೆ, ಮಠದಿಂದ ಮಠಕ್ಕೆ ಬದಲಾಗುತ್ತವೆ. ಅಳತೆಯನ್ನು ತೀರಿಕೊಂಡವರ ಪಾದದ ಲೆಕ್ಕದಲ್ಲಿ ತೆಗೆಯುವ ಕಡೆಗಳೂ ಇವೆ. ತಾಯಿಯ ತವರಿನ ಜಂಗಮರು ಯಾರೆಂದು ಕೇಳಿಟ್ಟುಕೊಳ್ಳಿ. ಜಾಗ ಇನ್ನೂ ಮುಖ್ಯ: ತವರಿನ ಹೊಲವೋ, ಸಮಾಜದ ರುದ್ರಭೂಮಿಯೋ? ಪಟ್ಟಣದ ವ್ಯಾಪ್ತಿಯಲ್ಲಿ ಸ್ವಂತ ಜಾಗವೆಂದು ಹಾಗೇ ಮಣ್ಣು ಮಾಡಲಾಗದು, ಸ್ಥಳೀಯ ಸಂಸ್ಥೆಯ ಒಪ್ಪಿಗೆ ಬೇಕು. ಯಾವ ಪದ್ಧತಿಯಾದರೂ ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಆಮೇಲೆ ಮೂರನೆಯ ದಿನವೋ ಹನ್ನೊಂದನೆಯ ದಿನವೋ ಶಿವಗಣಾರಾಧನೆ ಮಾಡುವ ಮನೆತನಗಳು ಬಹಳ. ಅದು ಬಂದವರಿಗೆ ದಾಸೋಹ, ಹೋದವರ ಹೊಟ್ಟೆಗೆ ಹಾಕುವ ಪಿಂಡವಲ್ಲ. ಅದೇ ದಿನ ದೊಡ್ಡಪ್ಪನ ಮಕ್ಕಳನ್ನೂ ಕರೆಯಿರಿ.

ತಾಯಿಯ ಇಚ್ಛೆಯನ್ನು ಒಂದು ಹಾಳೆಯಲ್ಲಿ ಅವರ ಕೈಯಲ್ಲೇ ಬರೆಸಿ, ದಿನಾಂಕ ಹಾಕಿಸಿ, ಎರಡು ಮನೆಯಿಂದಲೂ ಒಬ್ಬೊಬ್ಬ ಹಿರಿಯರ ಸಹಿ ಪಡೆಯಿರಿ. ವಿಲ್‌ನಲ್ಲಿ ಮಾತ್ರ ಬರೆದಿಟ್ಟು ಪ್ರಯೋಜನವಿಲ್ಲ, ವಿಲ್ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಿಮ್ಮ ಮನಸ್ಸಿನೊಳಗೂ ಒಂದು ಅಳುಕು ಉಳಿದಿರಬಹುದು. ಅಪ್ಪನಿಗೆ ಅಷ್ಟೆಲ್ಲ ಮಾಡಿ ಅಮ್ಮನಿಗೆ ಏನೂ ಮಾಡಲಿಲ್ಲವಲ್ಲ ಎಂದು. ಶಾಸ್ತ್ರವೇ ಎಷ್ಟು ಸಡಿಲವಿದೆ ನೋಡಿ: ಕೈಯಲ್ಲಿ ಏನೂ ಇಲ್ಲದವನು ಹಸುವಿಗೆ ಒಂದು ಹಿಡಿ ಹುಲ್ಲು ಕೊಟ್ಟರೆ ಸಾಕು, ಅದೂ ಆಗದಿದ್ದರೆ ಕಾಡಿಗೆ ಹೋಗಿ ಎರಡೂ ತೋಳೆತ್ತಿ, ನನ್ನ ಬಳಿ ಹಣವಿಲ್ಲ, ಧಾನ್ಯವಿಲ್ಲ, ಭಕ್ತಿಯಿಂದಲೇ ತೃಪ್ತರಾಗಿ ಎಂದು ಹಿರಿಯರಿಗೆ ಹೇಳಿದರೆ ಸಾಕು ಎನ್ನುತ್ತದೆ ವಿಷ್ಣುಪುರಾಣ. ಹೆದರಿಸಿ ಹಣ ಕೀಳುವವರು ಈ ಭಾಗವನ್ನು ಓದಿ ಹೇಳುವುದಿಲ್ಲ. ಸತ್ತವರನ್ನು ಕಂಡರೆ ಹೆದರಲೇಬೇಕೆಂದೂ ಇಲ್ಲ. ತುಳುನಾಡಿನಲ್ಲಿ ಕುಲೆಗಳನ್ನು, ಅಂದರೆ ಸತ್ತವರ ಆತ್ಮಗಳನ್ನು, ಮನೆಯೊಳಗೆ ಕರೆದು, ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುತ್ತಾರೆ, ಮದುವೆಯಾಗದೆ ಸತ್ತವರಿಗೆ ಬಳಿ (ಗೋತ್ರದಂಥ ಕುಲ) ನೋಡಿ, ಸೀರೆ ತಂದು ಮದುವೆಯನ್ನೂ ಮಾಡುತ್ತಾರೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಹಾಲಯದ ಹೊತ್ತಿಗೆ ಎಡೆ ಇಡುವಾಗ ತಾತನಿಗೆ ಇಷ್ಟವಾದ ಬಾಡೂಟ, ಬೀಡಿ ಎಲ್ಲವೂ ಇರುತ್ತದೆ.

ಅಪ್ಪನ ಆಬ್ದಿಕ ಎಂಬ ವರ್ಷದ ಶ್ರಾದ್ಧ, ಮಹಾಲಯ ಎಂದಿನಂತೆ ನಡೆಯಲಿ. ಸಪಿಂಡಿಯಾಗದವರನ್ನು ಪಿತೃಗಳ ಸಾಲಿನಲ್ಲಿ ಕರೆಯುವಂತಿಲ್ಲ, ಆದ್ದರಿಂದ ತರ್ಪಣದಲ್ಲಿ ತಾಯಿಯ ಹೆಸರು ಬರುವುದಿಲ್ಲ. ಇದನ್ನು ಪುರೋಹಿತರಿಗೆ ಮುಂಚೆಯೇ ತಿಳಿಸಿ, ಸಂಕಲ್ಪದ ನಡುವೆ ಚರ್ಚೆ ಬೇಡ. ಅಮ್ಮನ ಸ್ಮರಣೆಯ ದಿನವನ್ನು ಬೇರೆಯಾಗಿ, ಅವರ ರೀತಿಯಲ್ಲಿ ಇಟ್ಟುಕೊಳ್ಳಿ.

ಉಳಿದದ್ದು ತಂಗಿಯ ಪ್ರಶ್ನೆ. ಸಪಿಂಡಿ ಮಾಡಿದರೆ ಅಮ್ಮ ಅಪ್ಪನ ಪಕ್ಕಕ್ಕೆ ಹೋಗುತ್ತಾರೆ ಎಂದು ಆಕೆ ಅಂದುಕೊಂಡಿದ್ದಾಳೆ. ತಾಯಿಯ ಪಿಂಡವನ್ನು ಗಂಡನ ಪಿಂಡಕ್ಕೆ ಸೇರಿಸಬೇಕೆನ್ನುವ ಪಕ್ಷವೂ ಶಾಸ್ತ್ರದಲ್ಲಿದೆ, ಆದರೆ ಹೆಚ್ಚಾಗಿ ಸೇರಿಸುವುದು ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆ ಈ ಮೂವರ ಪಿಂಡಗಳಿಗೆ. ಹೆಂಗಸರ ಸಾಲು ಬೇರೆ, ಗಂಡಸರ ಸಾಲು ಬೇರೆ. ನಿಮ್ಮ ಅಮ್ಮನಿಗೆ ಅತ್ತೆಯ ಜೊತೆ ಹೇಗಿತ್ತೋ ನನಗೆ ಗೊತ್ತಿಲ್ಲ, ತಂಗಿಗೆ ಗೊತ್ತಿರುತ್ತದೆ. ಜೈನರ ಲೆಕ್ಕದಲ್ಲಂತೂ ಒಂದೊಂದು ಜೀವವೂ ತನ್ನ ಕರ್ಮದ ಪ್ರಕಾರ ತನ್ನ ದಾರಿ ಹಿಡಿಯುತ್ತದೆ, ಜೊತೆ ಎಂಬುದೇ ಇಲ್ಲ. ಶರಣರ ಲೆಕ್ಕದಲ್ಲಿ ದೂರವಾಗಲು ಎರಡು ಊರುಗಳೇ ಇಲ್ಲ: ಲಿಂಗದ ಹೊರಗೆ ಯಾವ ಲೋಕವೂ ಇಲ್ಲದ ಮೇಲೆ ಅಪ್ಪ ಇರುವ ಪಿತೃಲೋಕ ಅದರ ಹೊರಗೆ ಎಲ್ಲಿರಬೇಕು? ಯಾವುದು ನಿಜವೆಂದು ಹೋಗಿ ನೋಡಿ ಬಂದು ಹೇಳಿದವರಿಲ್ಲ. ತಂಗಿ ಈ ಪ್ರಶ್ನೆಯನ್ನು ಅಮ್ಮನ ಎದುರಿಗೇ ಒಮ್ಮೆ ಕೇಳಲಿ. ಒಂಬತ್ತು ವರ್ಷದಿಂದ ಅಪ್ಪನ ಆಬ್ದಿಕದ ಅಡುಗೆಮನೆಯನ್ನೂ ನೋಡುತ್ತ, ಬೆಳಗ್ಗೆ ತಮ್ಮ ಲಿಂಗಪೂಜೆಯನ್ನೂ ಮಾಡುತ್ತ ಬಂದವರು ಅವರು, ಇದನ್ನು ಯೋಚಿಸದೆ ಇರಲಾರರು.